ಭಾಗ 4: ಪೂರ್ತಿ ಫೀಸು, ಅರ್ಧ ಜಿಮ್ಮು

ಬಾಗಲಗುಂಟೆಯಲ್ಲಿ ಸಂಜೆ ಜಿಮ್ಮಿಗೆ ಹೋಗೋ ಹುಡುಗೀರೇ, ನಿಮಗೇ ಹೇಳ್ತಿರೋದು. ಹುಡುಗರು ಕಟ್ಟೋ ಫೀಸನ್ನೇ ನಾವೂ ಕಟ್ತೀವಿ. ಆಮೇಲೆ ಅರ್ಧ ಗಂಟೆ ಟ್ರೆಡ್‌ಮಿಲ್ ಮೇಲೆ ನಡೆದು, ಬಾರ್‌ಬೆಲ್ ಹತ್ರಕ್ಕೂ ಹೋಗದೆ ಮನೆಗೆ ಬರ್ತೀವಿ. ಬಿಕಾಂ ಓದೋಳು ನಾನು, ಈ ಲೆಕ್ಕ ನನಗೆ ಟ್ಯಾಲಿ ಆಗ್ತಿಲ್ಲ.

‘ವೇಟ್ ಎತ್ತಿದ್ರೆ ಗಂಡಸಿನ ಥರ ಆಗ್ತೀಯ’ ಅಂತಾರೆ. ಉದ್ದದ ಖಾಲಿ ಬಾರ್ 20 ಕೆಜಿ. ಮನೆಗೆ ತರೋ ನೀರಿನ ಕ್ಯಾನ್ 20 ಲೀಟರ್, ಅಂದ್ರೆ ಅಷ್ಟೇ ಭಾರ. ತುಂಬಿದ ಸಿಲಿಂಡರ್ ಸುಮಾರು 30 ಕೆಜಿ. ಅಮ್ಮ ಅದನ್ನೆಲ್ಲ ಎತ್ತಿ ಇಡುವಾಗ ಈ ಮಾತು ಯಾರೂ ಆಡಲಿಲ್ಲವಲ್ಲ!

ಟೋಕಿಯೊ ಒಲಿಂಪಿಕ್ಸ್‌ನಲ್ಲಿ 49 ಕೆಜಿ ವಿಭಾಗದ ಮೀರಾಬಾಯಿ ಚಾನು ತಲೆ ಮೇಲೆ ಎತ್ತಿ ಹಿಡಿದದ್ದು 115 ಕೆಜಿ. ಸಣಕಲು ಹುಡುಗರೇ, ನೀವೂ ಕೇಳಿ: ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್ ಹಿಡಿದದ್ದು ಉಜಿರೆಯಲ್ಲಿ ಕಾಲೇಜು ಓದುವಾಗ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟ, 56 ಕೆಜಿ ವಿಭಾಗ, ಒಟ್ಟು 249 ಕೆಜಿ, ಬೆಳ್ಳಿ.

ನಾಳೆ ಹೋಗಿ, ‘ಸ್ಕ್ವಾಟ್ ಹೇಳ್ಕೊಡಿ’ ಅಂತ ಟ್ರೈನರ್‌ನ ಬಾಯಿಬಿಟ್ಟು ಕೇಳಿ. ಬಾರ್ ಭಾರ ಅನ್ಸಿದ್ರೆ 5 ಕೆಜಿ ಡಂಬೆಲ್‌ನಿಂದ ಶುರು ಮಾಡಿ. ನೋಡೋರು ನೋಡ್ಲಿ ಬಿಡಿ, ಎರಡು ಸೆಟ್ ಮುಗಿಯೋಷ್ಟರಲ್ಲಿ ಅವರವರ ಕನ್ನಡಿಗೆ ವಾಪಸ್ ಹೋಗ್ತಾರೆ.

ಜೊತೆಗೆ ಬರೋ ಗೆಳತೀನ ಕೆಳಗೆ ಟ್ಯಾಗ್ ಮಾಡಿ.