ಸಾರುವೆ ಕಟ್ಟುವವರು ಯಾವ ಸಂಘದ ಸದಸ್ಯರು? ಮುಂದಿನ ಮೀಟಿಂಗಿನಲ್ಲಿ ಕೇಳಿ

*ಹೊರನಾಡ ಕನ್ನಡಿಗರ ಆರೋಗ್ಯ ಮಾಲಿಕೆ*



ಈ ಮಾಲಿಕೆಯಲ್ಲಿ ಸಾಮಾನ್ಯವಾಗಿ ಬಿಪಿ, ಶುಗರ್, ಮಂಡಿನೋವುಗಳ ಬಗ್ಗೆ ಓದುತ್ತೀರಿ. ಇಂದಿನ ವಿಷಯಕ್ಕೆ ಮಾತ್ರೆ ಇಲ್ಲ, ಪಥ್ಯವೂ ಇಲ್ಲ. ಎತ್ತರದಿಂದ ಬೀಳುವುದರ ಬಗ್ಗೆ ಈ ಬರಹ. ಇದನ್ನು ತಡೆಯುವ ಶಕ್ತಿ ವೈದ್ಯರಿಗಿಂತ ಹೆಚ್ಚಾಗಿ ಕೆಲಸ ಕೊಡುವ ನಮ್ಮ ಕೈಯಲ್ಲಿದೆ.

ದಸರಾ ಮುಗಿದು ಮಳೆ ನಿಂತರೆ ಮುಂಬೈ, ಪುಣೆಯ ಸೊಸೈಟಿಗಳಲ್ಲಿ ರಿಪೇರಿ, ಬಣ್ಣದ ಕೆಲಸ ಶುರು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಕಡ್ಡಾಯ. ಆಡಿಟ್ ಆದ ಮೇಲೆ ಪ್ಲಾಸ್ಟರ್ ಕೆಡವುವುದು, ವಾಟರ್‌ಪ್ರೂಫಿಂಗ್, ಪೇಂಟಿಂಗ್ ಒಂದರ ಹಿಂದೊಂದು ಬರುತ್ತವೆ. ಆಗ ಕಟ್ಟಡದ ಸುತ್ತ ಬಿದಿರು ಅಥವಾ ಕಬ್ಬಿಣದ ಪೈಪಿನ ಸಾರುವೆ ಏಳುತ್ತದೆ. ನಾವು ಸಾರುವೆ ಎನ್ನುವುದನ್ನು ಮರಾಠಿಯವರು ಪರಾಂಚಿ ಎನ್ನುತ್ತಾರೆ, ತಮಿಳರು ಸಾರಂ ಎನ್ನುತ್ತಾರೆ, ಹೈದರಾಬಾದಿನ ತೆಲುಗರಿಗೆ ಅದು ಪರಂಜಿ. ಹೆಸರು ಊರಿಗೊಂದು ಇದ್ದರೂ ಅದರ ಮೇಲೆ ನಿಂತವನ ಅಪಾಯ ಎಲ್ಲ ಕಡೆಯೂ ಒಂದೇ.

ಆ ನಿಂತವನು ಯಾರು? ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರದ ಎಷ್ಟೋ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದಿನಲ್ಲಿ ಕಟ್ಟಡ ಕೆಲಸ ಮಾಡಿ ಬದುಕುತ್ತಿವೆ. ಬೆಳಿಗ್ಗೆ ಲೇಬರ್ ನಾಕಾದಲ್ಲಿ, ಅಡ್ಡಾದಲ್ಲಿ ಒಮ್ಮೆ ಕಿವಿಗೊಟ್ಟರೆ ನಮ್ಮ ಮಾತೇ ಕೇಳುತ್ತದೆ. ಈ ಮೆಸೇಜ್ ಓದುವವರಲ್ಲಿ ಸೊಸೈಟಿಯ ಕಮಿಟಿಯವರಿದ್ದೀರಿ, ಚಿಕ್ಕ ಗುತ್ತಿಗೆದಾರರಿದ್ದೀರಿ, ಸಾರುವೆ ಹತ್ತುವವರ ಮನೆಯವರೂ ಇದ್ದೀರಿ. ಮೂವರಿಗೂ ಇದರಲ್ಲಿ ಒಂದೊಂದು ಮಾತಿದೆ.

*ಹತ್ತೇ ಅಡಿ ತಾನೇ ಎನ್ನಬೇಡಿ*

ಹತ್ತು ಅಡಿ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಒಂದು ಸೆಕೆಂಡ್ ಕೂಡ ಬೇಕಿಲ್ಲ. ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. ಮೂವತ್ತು ಅಡಿ, ಅಂದರೆ ಮೂರನೇ ಮಹಡಿಯ ಹತ್ತಿರದಿಂದಾದರೆ ಸುಮಾರು 48 ಕಿಲೋಮೀಟರ್. ಬೈಕಿನಲ್ಲಿ ಆ ವೇಗದಲ್ಲಿ ಹೋಗಿ ಗೋಡೆಗೆ ಗುದ್ದಿದ ಹಾಗೆ. ನಡುವೆ ಏನನ್ನಾದರೂ ಹಿಡಿದುಕೊಳ್ಳುತ್ತೇನೆ ಎನ್ನುವುದಕ್ಕೆ ಸಮಯವೇ ಇರುವುದಿಲ್ಲ.

ಕಾಲ ಮೇಲೆ ಬಿದ್ದರೆ ಹಿಮ್ಮಡಿ ಮುರಿಯುತ್ತದೆ. ಅದೇ ಪೆಟ್ಟು ಮೇಲಕ್ಕೇರಿ ಸೊಂಟದ ಮೂಳೆಗಳನ್ನೂ ಒಡೆಯಬಹುದು. ಆದ್ದರಿಂದಲೇ ಎತ್ತರದಿಂದ ಬಿದ್ದು ಹಿಮ್ಮಡಿ ಮುರಿದವರ ಬೆನ್ನುಮೂಳೆಯನ್ನೂ ವೈದ್ಯರು ಪರೀಕ್ಷಿಸುತ್ತಾರೆ. ಬೆನ್ನುಹುರಿಗೆ ಪೆಟ್ಟಾದರೆ ಕಾಲಿನ ಸ್ವಾಧೀನದ ಜೊತೆಗೆ ಮೂತ್ರ, ಮಲದ ಹಿಡಿತವೂ ಹೋಗಬಹುದು. ಮಲಗಿದಲ್ಲೇ ಮಲಗಿದರೆ ಬೆನ್ನಿನಲ್ಲಿ ಹುಣ್ಣು. ದುಡಿಯುತ್ತಿದ್ದವನು ಹಾಸಿಗೆ ಹಿಡಿದರೆ ಅವನನ್ನು ನೋಡಿಕೊಳ್ಳಲು ಹೆಂಡತಿಯೂ ಕೆಲಸ ಬಿಡಬೇಕು, ಮಕ್ಕಳು ಶಾಲೆ ಬಿಡಬೇಕು. ಒಂದು ಜಾರುವಿಕೆಗೆ ಇಡೀ ಮನೆ ಕುಸಿಯುತ್ತದೆ.

*ಹಾಗಾದರೆ ಸಂಘದ ಸದಸ್ಯತ್ವಕ್ಕೂ ಇದಕ್ಕೂ ಏನು ಸಂಬಂಧ?*

ನಾವು ಡಾಕ್ಟರ ಹತ್ತಿರ ಹೋಗುವಾಗ ಡಿಗ್ರಿ ನೋಡುತ್ತೇವೆ. ಸಾರುವೆ ಕಟ್ಟುವವನಿಗೆ ಮಾತ್ರ "ರೇಟ್ ಎಷ್ಟು?" ಎಂಬುದೊಂದೇ ಪ್ರಶ್ನೆ. ಕಟ್ಟುವುದನ್ನು ಅವನು ಎಲ್ಲಿ ಕಲಿತ, ಅವನ ಕೆಲಸವನ್ನು ಯಾರು ಪರಿಶೀಲಿಸುತ್ತಾರೆ, ತಪ್ಪಾದರೆ ಯಾರಿಗೆ ಉತ್ತರ ಕೊಡಬೇಕು ಎಂದು ಕೇಳುವವರಿಲ್ಲ. ವೃತ್ತಿಯ ಸಂಘ ಇರುವುದೇ ಈ ಮೂರು ಪ್ರಶ್ನೆಗಳಿಗೆ.

ಬ್ರಿಟನ್ನಿನ ಉದಾಹರಣೆ ನೋಡಿ. ಅಲ್ಲಿ ಸಾರುವೆ ಕಂಪನಿಗಳ ಒಕ್ಕೂಟ 1945ರಿಂದ ಇದೆ. ಸದಸ್ಯರಾಗಲು ಬಯಸುವ ಕಂಪನಿಯ ಆಡಿಟ್ ನಡೆಯುತ್ತದೆ. ಸದಸ್ಯ ಕಂಪನಿಗಳು ತಮ್ಮಲ್ಲಾದ ಅಪಘಾತಗಳ ಲೆಕ್ಕವನ್ನು ಒಕ್ಕೂಟಕ್ಕೆ ಒಪ್ಪಿಸುತ್ತವೆ, ಒಕ್ಕೂಟ ಅದನ್ನು ವರದಿಯಾಗಿ ಪ್ರಕಟಿಸುತ್ತದೆ. ಒಬ್ಬನ ಸೈಟಿನಲ್ಲಿ ಆದ ತಪ್ಪು ಉಳಿದವರಿಗೆ ಪಾಠವಾಗುತ್ತದೆ. ಕಾನೂನೂ ಬೆನ್ನಿಗಿದೆ. ಎರಡು ಮೀಟರ್ ಅಥವಾ ಹೆಚ್ಚು ಎತ್ತರದಿಂದ ಬೀಳಬಹುದಾದ ಸಾರುವೆಯನ್ನು ಬಳಸುವ ಮೊದಲು, ಆಮೇಲೆ ಏಳು ದಿನಕ್ಕೊಮ್ಮೆ ತಿಳಿದವರು ಪರೀಕ್ಷಿಸಿ ಬರೆದಿಡಬೇಕು.

ಬೂಮ್ ಲಿಫ್ಟ್, ಸಿಸರ್ ಲಿಫ್ಟ್ ಎಂಬ ಯಂತ್ರಗಳನ್ನು ಮಾಲ್, ಏರ್‌ಪೋರ್ಟ್, ಮೆಟ್ರೋ ಕೆಲಸಗಳಲ್ಲಿ ನೋಡಿರುತ್ತೀರಿ. ಇವುಗಳಿಗೂ ಒಂದು ಅಂತರರಾಷ್ಟ್ರೀಯ ಒಕ್ಕೂಟವಿದೆ. ಹೆಸರು ಐಪಾಫ್, ಶುರುವಾದದ್ದು 1983ರಲ್ಲಿ. ಅದರ ತರಬೇತಿ ಮುಗಿಸಿ ಪರೀಕ್ಷೆ ಪಾಸಾದವರಿಗೆ ಪಾಲ್ ಕಾರ್ಡ್ ಸಿಗುತ್ತದೆ. ಅದರ ಅವಧಿ ಐದು ವರ್ಷ, ಆಮೇಲೆ ನವೀಕರಿಸಬೇಕು. ಜಗತ್ತಿನ ಬೇರೆ ಬೇರೆ ಕಡೆಯ ಅಪಘಾತಗಳ ಮಾಹಿತಿ ಸೇರಿಸಿ ಅದು ವರದಿ ತರುತ್ತದೆ. ಬುಟ್ಟಿಯಿಂದ ಬೀಳುವುದು, ಯಂತ್ರ ಮಗುಚುವುದು, ವಿದ್ಯುತ್ ತಂತಿ ತಗಲುವುದು, ಮೇಲಿನ ತೊಲೆಗೂ ಬುಟ್ಟಿಗೂ ನಡುವೆ ಸಿಕ್ಕಿಕೊಳ್ಳುವುದು, ಇಂಥ ಕಾರಣಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಲೆಕ್ಕ ಇಟ್ಟಿದ್ದರಿಂದಲೇ ತರಬೇತಿಯಲ್ಲಿ ಏನು ಕಲಿಸಬೇಕು ಎಂದು ಗೊತ್ತಾಯಿತು.

*ಎಲ್ಲ ಸದಸ್ಯತ್ವವೂ ಒಂದೇ ಅಲ್ಲ*

ಇಲ್ಲೊಂದು ಎಚ್ಚರಿಕೆ. ನಮ್ಮಲ್ಲಿ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ 1941ರಿಂದ ಇದೆ, ಕ್ರೆಡಾಯ್ 1999ರಿಂದ ಇದೆ. ಇವು ದೊಡ್ಡ ಸಂಘಗಳೇ. ಆದರೆ ಬಿಲ್ಡರ್ ಒಂದು ಸಂಘದ ಸದಸ್ಯ ಎಂದ ಮಾತ್ರಕ್ಕೆ ಅವನ ಸೈಟಿನ ಸಾರುವೆ ಭದ್ರ ಎಂದಾಗುವುದಿಲ್ಲ. ವ್ಯಾಪಾರದ ಸಂಘ ಬೇರೆ, ಎತ್ತರದ ಕೆಲಸದ ತರಬೇತಿ ಮತ್ತು ತಪಾಸಣೆ ಇರುವ ಸಂಘ ಬೇರೆ. ಲೆಟರ್‌ಹೆಡ್ಡಿನ ಮೂಲೆಯಲ್ಲಿ ಮೂರು ಲೋಗೋ ಇದ್ದರೆ ಮರುಳಾಗಬೇಡಿ.

ನನ್ನ ಅಳತೆಗೋಲು ಇಷ್ಟೇ: *ತಪ್ಪು ಮಾಡಿದರೆ ಕಳೆದುಕೊಳ್ಳಬಹುದಾದ ಸದಸ್ಯತ್ವಕ್ಕೆ ಮಾತ್ರ ಬೆಲೆ.* ಚಂದಾ ಕಟ್ಟಿದರೆ ಸಾಕು ಎನ್ನುವ ಸಂಘದ ಸರ್ಟಿಫಿಕೇಟ್ ಗೋಡೆಗೆ ಚಂದ. ತರಬೇತಿ ಕೇಳುವ, ಸೈಟ್ ನೋಡುವ, ಅಪಘಾತದ ವರದಿ ಕೇಳುವ, ಬೇಕಾದರೆ ಹೊರಹಾಕುವ ಸಂಘದ ಸರ್ಟಿಫಿಕೇಟ್ ಮಾತ್ರ ಜೀವ ಉಳಿಸೀತು.

*"ಚಿಕ್ಕ ಗುತ್ತಿಗೆದಾರ ಎಲ್ಲಿಂದ ತರಬೇಕು?"*

ಇದು ನ್ಯಾಯವಾದ ಪ್ರಶ್ನೆ. ಆರು ಜನರನ್ನಿಟ್ಟುಕೊಂಡು ಬಣ್ಣದ ಕೆಲಸ ಮಾಡುವ ನಮ್ಮೂರಿನ ಹುಡುಗ ವಿದೇಶಿ ಒಕ್ಕೂಟದ ಚಂದಾ ಎಲ್ಲಿಂದ ಕಟ್ಟುತ್ತಾನೆ? ಅವನನ್ನು ಹೊರಗಿಡಿ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಬೇರೆ ದಾರಿಗಳಿವೆ. ಸಾರುವೆ ಕಟ್ಟುವ ಕೆಲಸಕ್ಕೆ ನಮ್ಮ ದೇಶದಲ್ಲೇ ಕೌಶಲ ತರಬೇತಿ, ಪ್ರಮಾಣಪತ್ರ ಇವೆ. 1966ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯೂ ತರಬೇತಿ ನಡೆಸುತ್ತದೆ. ಪ್ರತಿ ಮಾರ್ಚ್ 4ರಂದು ಸುರಕ್ಷತಾ ದಿನ ಆಚರಿಸುವುದು ಅದರ ಸ್ಥಾಪನೆಯ ನೆನಪಿಗೇ. ನಾಲ್ಕೈದು ಚಿಕ್ಕ ಗುತ್ತಿಗೆದಾರರು ಸೇರಿದರೆ ಒಬ್ಬ ತರಬೇತುದಾರನನ್ನು ಕರೆಸುವುದು ಭಾರವಲ್ಲ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಹಾಲ್ ಹಿಡಿಯುತ್ತವೆ. ವರ್ಷಕ್ಕೊಂದು ಭಾನುವಾರ ಅದೇ ಹಾಲ್ ಇಂಥ ತರಬೇತಿಗೆ ಕೊಟ್ಟರೆ ಆಗುವುದಿಲ್ಲವೇ?

ದುಡ್ಡಿನ ಲೆಕ್ಕವನ್ನೂ ನೋಡೋಣ. ಸುರಕ್ಷತೆ ಸೇರಿಸಿದ ಕೊಟೇಶನ್ ಒಂದು ಲಕ್ಷ ಹೆಚ್ಚಿದೆ ಎಂದಿಟ್ಟುಕೊಳ್ಳಿ. 50 ಫ್ಲ್ಯಾಟಿನ ಸೊಸೈಟಿಯಲ್ಲಿ ಮನೆಗೆ 2,000 ರೂಪಾಯಿ. ಬಣ್ಣ ಐದು ವರ್ಷ ಬಾಳುತ್ತದೆ ಎಂದರೆ ತಿಂಗಳಿಗೆ ಸುಮಾರು 33 ರೂಪಾಯಿ. ಒಂದು ಮಸಾಲೆ ದೋಸೆಯೂ ಬರದ ಈ ದುಡ್ಡಿಗಾಗಿ ಅತಿ ಕಡಿಮೆ ಕೊಟೇಶನ್ನಿಗೆ ಸಹಿ ಹಾಕುತ್ತೇವೆ. ಅವನು ಉಳಿಸಿದ್ದು ಎಲ್ಲಿಂದ? ಬಣ್ಣದ ಡಬ್ಬಿಯಿಂದ ಅಲ್ಲ. ಹಲಗೆ, ಹಗ್ಗ, ಹಾರ್ನೆಸ್, ವಿಮೆ, ಇವುಗಳಿಂದ.

*ಕಮಿಟಿಯವರು ಕೇಳಬೇಕಾದ ಏಳು ಪ್ರಶ್ನೆ*

1. ಸಾರುವೆ ಕಟ್ಟುವವರಿಗೆ ಯಾವ ಸಂಘದ ಅಥವಾ ಸಂಸ್ಥೆಯ ತರಬೇತಿ ಆಗಿದೆ? ಕಾರ್ಡ್ ತೋರಿಸಿ. ಅವಧಿ ಮುಗಿದಿಲ್ಲ ತಾನೇ?

2. ಸಾರುವೆಯನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷಿಸುತ್ತಾರೆ? ಬುಡದಲ್ಲಿ ತಾರೀಕು, ಸಹಿ ಇರುವ ಹಸಿರು ಚೀಟಿ ಇದೆಯೇ? ಗಾಳಿ ಮಳೆಯ ಮರುದಿನ ಮತ್ತೆ ನೋಡುತ್ತೀರಾ?

3. ನಿಲ್ಲುವ ಹಲಗೆ ಅಡಿಗಡಿಗೂ ತುಂಬಿದೆಯೇ? ಸೊಂಟದೆತ್ತರಕ್ಕೆ ತಡೆಕಂಬಿ ಇದೆಯೇ? ಸಾರುವೆಯನ್ನು ಗೋಡೆಗೆ ಬಿಗಿದಿದ್ದೀರಾ? ಬಿದಿರಾದರೂ ಪೈಪಾದರೂ ಈ ಮೂರು ಬೇಕೇ ಬೇಕು. ಸಾರುವೆ ಮತ್ತು ಏಣಿಗೆ ಭಾರತೀಯ ಮಾನಕ 3696 ಇದೆ. "ಅದರಂತೆ ಕಟ್ಟಬೇಕು" ಎಂದು ಕರಾರಿನಲ್ಲಿ ಬರೆಸಿ.

4. ಹಾರ್ನೆಸ್ ಇಡೀ ಮೈಗೆ ಹಾಕುವಂಥದ್ದೋ, ಸೊಂಟಪಟ್ಟಿಯೋ? ಸೊಂಟಪಟ್ಟಿಯಲ್ಲಿ ನೇತಾಡಿದರೆ ಹೊಟ್ಟೆಯ ಒಳಗಿನ ಅಂಗಗಳಿಗೆ, ಬೆನ್ನಿಗೆ ಪೆಟ್ಟಾಗುತ್ತದೆ. ಕೊಕ್ಕೆ ಹಾಕುವುದು ಯಾವುದಕ್ಕೆ? ಝೂಲಾ ಕೆಲಸದಲ್ಲಿ ಕೂರುವ ಹಗ್ಗ ಬೇರೆ, ಜೀವದ ಹಗ್ಗ ಬೇರೆ ಇರಬೇಕು. ಎರಡನ್ನೂ ಒಂದೇ ಕಡೆ ಕಟ್ಟಿರಬಾರದು.

5. ಯಾರಾದರೂ ಹಾರ್ನೆಸ್ಸಿನಲ್ಲಿ ನೇತಾಡಿದರೆ ಇಳಿಸುವುದು ಹೇಗೆ? ಅಲುಗಾಡದೆ ನೇತಾಡಿದರೆ ರಕ್ತ ಕಾಲಲ್ಲೇ ನಿಂತು ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. "ಫೈರ್ ಬ್ರಿಗೇಡ್ ಕರೆಯುತ್ತೇವೆ" ಎಂಬುದೊಂದೇ ಉತ್ತರ ಸಾಲದು.

6. ಕಾರ್ಮಿಕರ ಪರಿಹಾರದ ವಿಮೆ ಇದೆಯೇ? ಉಪಗುತ್ತಿಗೆಯವರೂ ಅದರಲ್ಲಿ ಸೇರಿದ್ದಾರೆಯೇ? ತಲೆ ಎಣಿಕೆ ಸರಿಯಿದೆಯೇ? ಕೆಲಸ ಮುಗಿಯುವ ತಾರೀಕಿನವರೆಗೂ ಪಾಲಿಸಿ ಇದೆಯೇ?

7. ಕೆಲಸಗಾರರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ?

ಉತ್ತರ ಬಾಯಿಮಾತಿನಲ್ಲಿ ಬೇಡ, ಟೆಂಡರಿನಲ್ಲೇ ಬರಲಿ.

*ಸಾರುವೆ ಹತ್ತುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ*

ನಿಮಗೂ ಒಂದು ಸದಸ್ಯತ್ವ ಬೇಕು. ಸಂಘಟನೆಗಳ ಹೋರಾಟದಿಂದ ತಮಿಳುನಾಡಿನಲ್ಲಿ 1994ರಲ್ಲೇ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಬಂತು. 1996ರಲ್ಲಿ ಇಡೀ ದೇಶಕ್ಕೆ ಕಾನೂನಾಯಿತು. ಕಟ್ಟಡದ ವೆಚ್ಚದ 1% ಸೆಸ್ ನಿಮ್ಮ ಹೆಸರಿನಲ್ಲಿ ಮಂಡಳಿಗೆ ಸೇರುತ್ತದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಮಾಡಿಸಬಹುದು ಎಂಬುದು ಆ ಕಾನೂನಿನ ನಿಯಮವಾಗಿತ್ತು. ನೀವು ಕೆಲಸ ಮಾಡುವ ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಹಾಜರಿಯ ಚೀಟಿ, ಕೂಲಿ ಬಂದ ಮೆಸೇಜು ಯಾವುದನ್ನೂ ಅಳಿಸಬೇಡಿ. ಸೈಟಿನಲ್ಲಿ ನಿಂತ ಒಂದು ಫೋಟೋ ಕೂಡ ಒಂದು ದಿನ ಸಾಕ್ಷಿಯಾದೀತು.

ಒಬ್ಬನೇ "ಈ ಹಲಗೆ ಅಲುಗುತ್ತಿದೆ, ಹತ್ತುವುದಿಲ್ಲ" ಎಂದರೆ ನಾಳೆ ಅವನಿಗೆ ಕೆಲಸವಿಲ್ಲ. ಹತ್ತು ಜನ ಒಟ್ಟಿಗೆ ಹೇಳಿದರೆ ಹಲಗೆ ಬದಲಾಗುತ್ತದೆ. ಸಂಘ ಎಂದರೆ ಇಷ್ಟೇ.

*ಬಿದ್ದೇಬಿಟ್ಟರೆ ಏನು ಮಾಡಬೇಕು?*

• ಎತ್ತಿ ಕೂರಿಸಬೇಡಿ, ನಡೆಸಬೇಡಿ. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರಲಿ. ಇಬ್ಬರು ಕೈಕಾಲು ಹಿಡಿದು ರಿಕ್ಷಾಕ್ಕೆ ತುಂಬುವುದರಿಂದ ಉಳಿಯಬಹುದಾಗಿದ್ದ ಕಾಲಿನ ಶಕ್ತಿ ಹೋಗಬಹುದು.

• 108 ಅಥವಾ 112ಕ್ಕೆ ಕರೆ ಮಾಡಿ. "ಎತ್ತರದಿಂದ ಬಿದ್ದಿದ್ದಾರೆ" ಎಂದು ಮೊದಲೇ ಹೇಳಿ.

• ನೀರು, ಚಹಾ ಕೊಡಬೇಡಿ. ಆಪರೇಷನ್ ಬೇಕಾಗಬಹುದು, ವಾಂತಿ ಉಸಿರಿನ ದಾರಿಗೆ ಹೋಗಬಹುದು.

• ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ.

• ಉಸಿರಾಟವಿಲ್ಲದಿದ್ದರೆ ಎದೆ ಒತ್ತಲು ಶುರುಮಾಡಿ. ಆಗ ಉಸಿರೇ ಮೊದಲು, ಬೆನ್ನು ಆಮೇಲೆ.

• ಎದ್ದು ನಿಂತು "ಏನೂ ಆಗಿಲ್ಲ" ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಯೊಳಗಿನ ರಕ್ತಸ್ರಾವ ಕೆಲವು ಗಂಟೆಗಳ ನಂತರ ತೋರಬಹುದು. ಮತ್ತೆ ಮತ್ತೆ ವಾಂತಿ, ಮಂಪರು, ತೊದಲು ಮಾತು ಕಂಡರೆ ತಡಮಾಡಬೇಡಿ.

ಬಂಧುಗಳೇ, ಸದಸ್ಯತ್ವದ ಕಾರ್ಡು ಯಾರನ್ನೂ ಗಾಳಿಯಲ್ಲಿ ಹಿಡಿದು ನಿಲ್ಲಿಸುವುದಿಲ್ಲ ನಿಜ. ಆದರೆ ಅದರ ಹಿಂದೆ ಕಲಿಸಿದವರು, ನೋಡುವವರು, ಕೇಳುವವರು ಇದ್ದಾರೆಂದರೆ ಬೀಳುವ ಸಂದರ್ಭವೇ ಕಡಿಮೆಯಾಗುತ್ತದೆ. ಕೆಲಸ ಕೊಡುವವರು ಕೇಳಿದರೆ ಮಾತ್ರ ಗುತ್ತಿಗೆದಾರರು ಅಂಥ ಕಾರ್ಡು ತರುತ್ತಾರೆ. ಯಾರೂ ಕೇಳದ ವಸ್ತುವನ್ನು ಯಾವ ಅಂಗಡಿಯವನೂ ತರಿಸುವುದಿಲ್ಲ.

ನಿಮ್ಮ ಸೊಸೈಟಿಯ ಮುಂದಿನ ಮೀಟಿಂಗಿಗೆ ಈ ಏಳು ಪ್ರಶ್ನೆಗಳನ್ನು ತೆಗೆದುಕೊಂಡು ಹೋಗಿ. ಕಮಿಟಿಯ ಗ್ರೂಪಿಗೂ, ಊರಿನ ಗ್ರೂಪಿಗೂ ಕಳುಹಿಸಿ. ಸಾರುವೆಯ ಮೇಲೆ ನಿಂತು ನಿಮ್ಮ ಕಿಟಕಿಗೆ ಬಣ್ಣ ಹಚ್ಚುವವನಿಗೆ ಓದಲು ಬಾರದಿದ್ದರೆ, ಅವನು ಚಹಾಕ್ಕೆ ಇಳಿದಾಗ ಕನ್ನಡದಲ್ಲೇ ಓದಿ ಹೇಳಿ.

ಎಲ್ಲರಿಗೂ ಒಳ್ಳೆಯದಾಗಲಿ.