ಕೌಲ್ ಬಜಾರಿನ ಜೀನ್

ಬಳ್ಳಾರಿಯ ಕೌಲ್ ಬಜಾರಿನಲ್ಲಿ ‘ಜೀನ್ಸ್’ ಎಂದರೇನೆಂದು ಯಾವ ಹುಡುಗನಿಗೂ ಶಾಲೆಯಲ್ಲಿ ಕಲಿಸಬೇಕಾದುದಿಲ್ಲ. ದಂಡಿನ ಮಗ್ಗುಲಲ್ಲಿ ಬೆಳೆದ ಈ ಪೇಟೆಯ ಓಣಿಗಳಲ್ಲಿ ಹೊಲಿಗೆಯ ಯಂತ್ರದ ಸದ್ದು ಹೊಸತಲ್ಲ. ಕನ್ನಡ, ತೆಲುಗು, ಉರ್ದು ಮೂರು ಭಾಷೆಗಳಲ್ಲಿಯೂ ಆ ಮಾತಿಗೆ ಒಂದೇ ಅರ್ಥ. ಗಟ್ಟಿ ನೀಲಿ ಬಟ್ಟೆಯ ಷರಾಯಿ. ಅಂಥಲ್ಲಿ ಹುಟ್ಟಿದ ಹುಡುಗನು ಹತ್ತನೆಯ ತರಗತಿಯ ವಿಜ್ಞಾನದ ಪಾಠದಲ್ಲಿ ‘ಜೀನ್’ ಎಂಬ ಪದವನ್ನು ಕಂಡು ನಕ್ಕರೆ ಅದು ಅವನ ತಪ್ಪೆಂದು ಹೇಳಲಾಗದು.

ನಗು ಅಡಗಿದ ಮೇಲೆ ಪರೀಕ್ಷೆ ಬರುತ್ತದೆ. ‘ಜೀನ್ ಎಂದರೇನು? ಒಂದು ಅಂಕ.’ ಒಂದು ಪ್ರೋಟೀನಿನ ತಯಾರಿಕೆಗೆ ಬೇಕಾದ ಮಾಹಿತಿಯನ್ನುಳ್ಳ ಡಿ.ಎನ್.ಎ.ಯ ಭಾಗವೇ ಜೀನ್ ಎಂದು ಹುಡುಗನು ಬಾಯಿಪಾಠವನ್ನು ಇಳಿಸುತ್ತಾನೆ. ಅಂಕ ದೊರೆಯುತ್ತದೆ. ಅವನಿಗೆ ತಿಳಿದುದೇನೆಂಬುದು ಮೌಲ್ಯಮಾಪಕರಿಗೂ ಗೊತ್ತಾಗುವುದಿಲ್ಲ, ಅವನಿಗೂ ಗೊತ್ತಾಗುವುದಿಲ್ಲ.

ಅದೇ ಹುಡುಗನನ್ನು ಹೀಗೆ ಕೇಳಿದರೆ ಹೇಗೆ? ಅಂಗಡಿಯ ಯಜಮಾನನು ಷರಾಯಿಯ ಮೂಲ ನಮೂನೆಯನ್ನು ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾನೆ. ಅದರ ಕಾಗದದ ನಕಲು ಮಾತ್ರ ಹೊಲಿಯುವವರ ಬಳಿಗೆ ಹೋಗುತ್ತದೆ. ಒಂದು ದಿನ ನಕಲು ತೆಗೆಯುವಾಗ ಜೇಬಿನ ಅಳತೆ ತಪ್ಪಿತು. ಇನ್ನೊಮ್ಮೆ ಮೂಲ ನಮೂನೆಯಲ್ಲಿಯೇ ಜೇಬಿನ ಅಳತೆ ಕೆಟ್ಟಿತು. ಯಾವ ತಪ್ಪಿನಿಂದ ಹೆಚ್ಚು ಷರಾಯಿಗಳು ಹಾಳಾಗುತ್ತವೆ? ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟಾಗ ಯಾವ ತಪ್ಪು ಅವನ ಕೈಗೂ ಹೋಗುತ್ತದೆ?

ಓಣಿಯ ಹುಡುಗರಲ್ಲಿ ಈ ಪ್ರಶ್ನೆಗೆ ತಡವರಿಸುವವರು ವಿರಳ. ನಕಲಿನ ತಪ್ಪು ಆ ನಕಲಿನೊಂದಿಗೆ ಮುಗಿಯುತ್ತದೆ. ಮೂಲದ ತಪ್ಪು ಉಳಿಯುತ್ತದೆ. ಜೀವಕೋಶದಲ್ಲಿ ಕಪಾಟು ಎಂದರೆ ಕೋಶಕೇಂದ್ರ, ಮೂಲ ನಮೂನೆ ಡಿ.ಎನ್.ಎ., ನಕಲು ಆರ್.ಎನ್.ಎ., ಹೊಲಿಯುವ ಸ್ಥಳ ರೈಬೋಸೋಮು. ನಮೂನೆಯ ಅಕ್ಷರಗಳು ನಾಲ್ಕೇ. ಮೂರು ಮೂರು ಅಕ್ಷರಗಳ ಸಂಕೇತಗಳು 64. ಅವುಗಳಲ್ಲಿ 61 ಸಂಕೇತಗಳು 20 ಅಮೈನೋ ಆಮ್ಲಗಳನ್ನು ಸೂಚಿಸಿದರೆ, ಉಳಿದ 3 ‘ಇಲ್ಲಿಗೆ ನಿಲ್ಲಿಸು’ ಎನ್ನುತ್ತವೆ. ಈ ಲಿಪಿಯನ್ನು ಓದಿದುದಕ್ಕಾಗಿಯೇ ಅವಿಭಜಿತ ಪಂಜಾಬಿನ ಹಳ್ಳಿಯಲ್ಲಿ ಹುಟ್ಟಿದ ಹರಗೋಬಿಂದ ಖೊರಾನಾ ಅವರು 1968ರಲ್ಲಿ ನೀರೆನ್‌ಬರ್ಗ್ ಮತ್ತು ಹಾಲಿ ಅವರೊಂದಿಗೆ ನೊಬೆಲ್ ಪಾರಿತೋಷಕವನ್ನು ಪಡೆದರು. ಕುಡಗೋಲು ಕಣ ರೋಗದಲ್ಲಿ ಕೆಟ್ಟಿರುವುದು ಮೂಲ ನಮೂನೆಯ ಒಂದೇ ಒಂದು ಅಕ್ಷರ. ಕೆಂಪು ರಕ್ತಕಣವೇ ಕುಡಗೋಲಿನಂತೆ ಬಾಗಿಬಿಡುತ್ತದೆ.

ಪಠ್ಯಪುಸ್ತಕದಲ್ಲಿ ಒಳ್ಳೆಯ ಪ್ರಶ್ನೆಗಳೇ ಇಲ್ಲವೆಂದಲ್ಲ. ತಂದೆಯ ರಕ್ತ ‘ಎ’ ಗುಂಪಿನದು, ತಾಯಿಯದು ‘ಓ’, ಮಗಳದು ‘ಓ’. ಇಷ್ಟರಿಂದಲೇ ಯಾವ ಗುಣ ಪ್ರಬಲವೆಂದು ಹೇಳಬಹುದೆ ಎಂದು ಹತ್ತನೆಯ ತರಗತಿಯ ಪುಸ್ತಕವು ಕೇಳುತ್ತದೆ. ಹೇಳಲಾಗದು ಎಂಬುದೇ ಸರಿಯಾದ ಉತ್ತರ. ‘ಎ’ ಪ್ರಬಲವಾಗಿದ್ದು ತಂದೆಯಲ್ಲಿ ‘ಓ’ ಅಡಗಿದ್ದರೂ ಇಂಥ ಮಗಳು ಹುಟ್ಟಬಹುದು. ‘ಓ’ ಪ್ರಬಲವಾಗಿದ್ದರೂ ಹುಟ್ಟಬಹುದು. ಆದರೆ ಉತ್ತರಪತ್ರಿಕೆಯಲ್ಲಿ ‘ಹೇಳಲಾಗದು’ ಎಂದು ಬರೆಯುವ ಧೈರ್ಯವನ್ನು ಮಕ್ಕಳಿಗೆ ಯಾರು ಕಲಿಸಿದ್ದಾರೆ?

ಇನ್ನೊಂದು ಅಭ್ಯಾಸವುಂಟು, ಅದು ಅಷ್ಟು ನಿರಪಾಯವಾದುದಲ್ಲ. ತರಗತಿಯ ಮಕ್ಕಳ ಕಿವಿಗಳನ್ನು ನೋಡಿ, ಹಾಲೆ ಬಿಡಿಯಾಗಿದೆಯೋ ಕೆನ್ನೆಗೆ ಅಂಟಿದೆಯೋ ಎಂದು ಎಣಿಸಿ, ತಂದೆತಾಯಿಯರ ಕಿವಿಗಳೊಡನೆ ಹೋಲಿಸಬೇಕು. ಅಂಟಿದ ಹಾಲೆಯ ದಂಪತಿಗಳಿಗೆ ಬಿಡಿ ಹಾಲೆಯ ಮಗು ಹುಟ್ಟಲಾರದೆಂಬುದು ಬಹುಕಾಲ ನಡೆದುಬಂದ ನಿಯಮ. ಆದರೆ 2017ರಲ್ಲಿ ಪ್ರಕಟವಾದ ಸಂಶೋಧನೆಯು ಕಿವಿಯ ಹಾಲೆಗೆ ಸಂಬಂಧಪಟ್ಟ 49 ಸ್ಥಾನಗಳನ್ನು ವರ್ಣತಂತುಗಳಲ್ಲಿ ಗುರುತಿಸಿತು. ಮೆಂಡೆಲನ ಬಟಾಣಿಯ ಸರಳ ಲೆಕ್ಕ ಇಲ್ಲಿ ನಡೆಯದು. ಇದನ್ನರಿಯದ ಮಗುವೊಂದು ಸಂಜೆ ಮನೆಗೆ ಬಂದು, ಉಣ್ಣಲು ಕುಳಿತ ತಂದೆಯ ಕಿವಿಯನ್ನೇ ಕದ್ದು ಕದ್ದು ನೋಡಿದರೆ ಅದರ ಮನಸ್ಸಿನಲ್ಲಿ ಏನು ಸುಳಿಯುತ್ತಿರಬಹುದು! ಒಂದು ಮನೆಯ ಪಿಸುಮಾತು ಹತ್ತು ಮನೆಗೆ ಕೇಳುವ ಓಣಿಯಲ್ಲಿ ಇಂಥ ಪಾಠವನ್ನು ಎಚ್ಚರದಿಂದ ಹೇಳಬೇಕು. ಎಣಿಕೆಗೆ ಬಟಾಣಿ ಗಿಡಗಳೇ ಸಾಕು. ಅವುಗಳಿಗೆ ನೆರೆಹೊರೆಯ ಭಯವಿಲ್ಲ.

ಹಾಗೆಂದು ಮನೆಯ ಮಾತನ್ನು ಪೂರ್ತಿಯಾಗಿ ಹೊರಗಿಡಬೇಕೆಂದರ್ಥವಲ್ಲ. ಮೂವರು ಹೆಣ್ಣುಮಕ್ಕಳ ಮನೆಯೊಂದನ್ನು ಊಹಿಸಿಕೊಳ್ಳಿ. ನಾಲ್ಕನೆಯ ಬಾರಿ ಸೊಸೆ ಗರ್ಭಿಣಿ. ಅತ್ತೆಯ ಮಾತಿನ ಮೊನೆಯೆಲ್ಲ ಸೊಸೆಯ ಕಡೆಗೆ. ಹಿರಿಯ ಮಗಳು ಅಂದು ಕಿರುಪರೀಕ್ಷೆಯನ್ನು ಬರೆದು ಬಂದಿದ್ದಾಳೆ. ‘ಮೂವರು ಹೆಣ್ಣುಮಕ್ಕಳಾದ ಮೇಲೆ ನಾಲ್ಕನೆಯದು ಗಂಡಾಗುವ ಸಂಭವವೆಷ್ಟು?’ ತರಗತಿಯಲ್ಲಿ ಹಲವರು ‘ಈ ಬಾರಿ ಗಂಡೇ’ ಎಂದು ಬರೆದರಂತೆ. ಅವಳು ‘ಸರಿಸುಮಾರು ಅರ್ಧ’ ಎಂದು ಬರೆದಿದ್ದಳು. ಹಿಂದಿನ ಮೂರು ಹೆರಿಗೆಗಳ ಲೆಕ್ಕವನ್ನು ವರ್ಣತಂತುಗಳು ಇಟ್ಟುಕೊಳ್ಳುವುದಿಲ್ಲ. ತಾಯಿ ಕೊಡುವುದು ಯಾವಾಗಲೂ ಎಕ್ಸ್. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು.

ಉತ್ತರವನ್ನು ಗಟ್ಟಿಯಾಗಿ ಓದಿಸಿ ಕೇಳಿದ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಹಂಗಾದ್ರೆ ನನ್ನ ಮಗಂದೇ ತಪ್ಪೇನೇ?”

“ಅಪ್ಪನ ಕೈಯಾಗೂ ಇಲ್ಲಜ್ಜಿ. ಯಾವುದು ಮುಂದೆ ಹೋಗ್ತದೋ ಅದು.”

ಅಜ್ಜಿ ಮತ್ತೆ ಏನೂ ಕೇಳಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಮಾತ್ರ ಕ್ಷಣಕಾಲ ನಿಂತು, ಮತ್ತೆ ಮೊದಲಾಯಿತು.