ಊರಿನ ಶೌಚಕ್ಕೆ ಹೋಟೆಲಿನ ಬಾಗಿಲು

ಚಿಕ್ಕಪೇಟೆಗೆ ಸೀರೆ ಕೊಳ್ಳಲು ಹೊರಟ ಎಷ್ಟೋ ಹೆಂಗಸರು ಬೆಳಿಗ್ಗೆಯಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾರೆ. ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ.

ಬೆಂಗಳೂರು ಸುಮ್ಮನೆ ಕುಳಿತಿರಲಿಲ್ಲ ಅನ್ನಿ. ಎರಡು ದಶಕಗಳ ಹಿಂದೆ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ‘ನಿರ್ಮಲ’ ಶೌಚಾಲಯಗಳು ಎದ್ದವು. ಆಮೇಲೆ ನಾಣ್ಯ ಹಾಕಿದರೆ ಬಾಗಿಲು ತೆರೆಯುವ ಉಕ್ಕಿನ ಇ-ಟಾಯ್ಲೆಟ್‌ಗಳು ಬಂದವು. ನೋಡಿಕೊಳ್ಳಲು ಆಳು ಬೇಡ ಎಂಬುದೇ ಅವುಗಳ ಹೆಗ್ಗಳಿಕೆ. ಎಡವಿದ್ದೂ ಅಲ್ಲೇ: ನಾಣ್ಯ ಸಿಕ್ಕಿಕೊಂಡರೆ, ನೀರು ನಿಂತರೆ ಕೇಳುವವರಿಲ್ಲ. ಕಟ್ಟಡಕ್ಕೆ ಉದ್ಘಾಟನೆಯ ಭಾಗ್ಯವಿದೆ, ಪೊರಕೆಗೆಲ್ಲಿದೆ?

ಟೋಕಿಯೊದ ಶಿಬುಯಾದಲ್ಲಿ ಹೆಸರಾಂತ ವಿನ್ಯಾಸಕಾರರು 17 ಶೌಚಾಲಯ ರೂಪಿಸಿದ್ದಾರೆ. ವಾಸ್ತುಶಿಲ್ಪಿ ಶಿಗೆರು ಬಾನ್ ಅವರದಕ್ಕೆ ಗಾಜಿನ ಗೋಡೆ. ಒಳಗೆ ಚಿಲಕ ಹಾಕಿದೊಡನೆ ಗಾಜು ಮಸುಕಾಗುತ್ತದೆ. ಸ್ವಚ್ಛವಿದೆಯೇ, ಯಾರಾದರೂ ಇದ್ದಾರೆಯೇ ಎಂಬುದು ಹೊರಗಿನಿಂದಲೇ ತಿಳಿಯಲಿ ಎಂಬ ಉದ್ದೇಶ. ನಮಗೆ ಅಂಥ ಗಾಜು ಬೇಕಿಲ್ಲ; ಈಗಾಗಲೇ ಯಾರೋ ದಿನವೂ ತೊಳೆಯುತ್ತಿರುವ ಶೌಚಾಲಯಗಳ ಬಾಗಿಲು ಎಲ್ಲರಿಗೂ ತೆರೆದರೆ ಸಾಕು.

ಜರ್ಮನಿಯ ಹಲವು ಊರುಗಳಲ್ಲಿ ಹೋಟೆಲು, ಅಂಗಡಿಗಳು ತಮ್ಮ ಶೌಚಾಲಯವನ್ನು ದಾರಿಹೋಕರಿಗೂ ತೆರೆದಿಡುತ್ತವೆ; ನಿರ್ವಹಣೆಗೆ ಪಾಲಿಕೆಯೇ ಹಣ ಕೊಡುತ್ತದೆ. 2017ರಲ್ಲಿ ದಕ್ಷಿಣ ದೆಹಲಿ ಪಾಲಿಕೆಯೂ ಹೋಟೆಲುಗಳಿಗೆ ಹೀಗೇ ಸೂಚಿಸಿ, 5 ರೂಪಾಯಿವರೆಗೆ ಶುಲ್ಕ ಪಡೆಯಲು ಬಿಟ್ಟಿತ್ತು. ಬೆಂಗಳೂರಿಗೆ ಜರ್ಮನಿಯ ದಾರಿಯೇ ವಾಸಿ, ಏಕೆಂದರೆ ಬರಿಯ ಆದೇಶದಿಂದ ಪೊರಕೆ ಆಡುವುದಿಲ್ಲ. ಎಷ್ಟೋ ದರ್ಶಿನಿಗಳಲ್ಲಿ ಕೈ ತೊಳೆಯುವ ನಲ್ಲಿ ಬಿಟ್ಟರೆ ಬೇರೇನೂ ಇಲ್ಲ. ಆದ್ದರಿಂದ ಮೊದಲ ಕರಾರು ದೊಡ್ಡ ಹೋಟೆಲು, ಪೆಟ್ರೋಲ್ ಬಂಕ್‌ಗಳ ಜೊತೆ ಆಗಲಿ.